ಜಿಂಕೆಯ ಬಾಯಿಗೆ ನೀರು

ಠಾಣೆ ನಗರದ ಕಡೆಗೆ ಹೊರಟ ಲೋಕಲ್ ರೈಲಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಎದುರಿನ ಸೀಟಿನಲ್ಲಿ ಹನುಮಂತ ನಿದ್ದೆ ಹೋಗಿದ್ದಾನೆ. ರಾಯಚೂರಿನಲ್ಲಿ ನನ್ನ ಜೊತೆ ಶಾಲೆ ಕಲಿತವನು, ಈಗ ಡೊಂಬಿವಲಿಯ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸ ಮಾಡುತ್ತಾನೆ. ನಾನು ಬಂದೆನೆಂದು ರಜೆ ಹಾಕಿ, ಮಹಾಪೆಯ ಗುಡ್ಡದ ಬುಡದಲ್ಲಿರುವ ಬಿಲ್ಲುಗಾರಿಕೆಯ ಮೈದಾನಕ್ಕೆ ಕರೆದೊಯ್ದಿದ್ದ. ಅಲ್ಲಿ ಗುರಿಗೆ ರಬ್ಬರಿನ ಪ್ರಾಣಿಗಳನ್ನು ನಿಲ್ಲಿಸಿದ್ದಾರೆ.

ಜಿಂಕೆಯೊಂದಕ್ಕೆ ಗುರಿಯಿಟ್ಟ ನನ್ನ ನಾಲ್ಕು ಬಾಣಗಳೂ ಹುಲ್ಲಿಗೆ ಬಿದ್ದವು.

"ಕೊಂಬು ನೋಡಬ್ಯಾಡ. ಮುಂಗಾಲಿನ ಹಿಂದ ನೋಡು," ಎಂದ ಹನುಮಂತ, ನನ್ನಿಂದ ಬಿಲ್ಲು ಇಸಿದುಕೊಂಡು ಒಂದೇ ಬಾಣ ಬಿಟ್ಟ. ಅದು ಅವನು ಹೇಳಿದ ಜಾಗದಲ್ಲೇ ಜಿಂಕೆಗೆ ನಾಟಿತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅವನು ನಗಲಿಲ್ಲ. ನನ್ನ ನೀರಿನ ಬಾಟಲಿ ತೆಗೆದುಕೊಂಡು ನೇರ ಜಿಂಕೆಯ ಬಳಿ ಹೋಗಿ, ಮಂಡಿಯೂರಿ ಅದರ ಬಾಯಿಗೆ ನೀರು ಬಿಡತೊಡಗಿದ.

"ಭಾಯ್, ರಬ್ಬರ್ ಕಾ ಹೈ ವೋ," ಎಂದು ಮೈದಾನದವನು ಕೂಗಿದ.

"ಗೊತ್ತೈತಿ," ಎಂದು ಹನುಮಂತ ಹಿಂದೆಯೇ ಬಂದ ನನಗೆ ಹೇಳಿದ. "ಬ್ಯಾಟಿಯೊಳಗ ಬಿದ್ದ ಜಿಂಕಿಗೆ ನೀರು ಬಿಡೋತನಕ ಅಪ್ಪ ಚಾಕು ಮುಟ್ತಿರಲಿಲ್ಲ."

"ಅಪ್ಪಾರು ಹ್ಯಾಂಗದಾರ?" ನಾನು ಕೇಳಿದೆ.

"ಹೋದ ತಿಂಗಳು ತೀರಿಕೊಂಡ. ನಾ ರೈಲು ಇಳಿದು ಮನಿ ಮುಟ್ಟಿ, ಒಂದು ಗುಟುಕು ನೀರು ಬಿಡೂಣಂದ್ರ, ಬಾಯಿ ಮುಚ್ಚಿಸಿ ಗದ್ದಕ್ಕ ಬಟ್ಟಿ ಕಟ್ಟಿಬಿಟ್ಟಿದ್ರು."

ರಬ್ಬರಿನ ಮುಚ್ಚಿದ ತುಟಿಯಿಂದ ನೀರು ಜಾರಿ ಅವನ ಮಂಡಿಯನ್ನು ತೋಯಿಸುತ್ತಿತ್ತು. ಬಾಟಲಿ ಬರಿದಾಗುವವರೆಗೂ ಅವನು ಏಳಲಿಲ್ಲ.