ಹೆಣ ಎತ್ತುವವರೆಗೆ ಬೆಂಕಿ ಇಲ್ಲ

ಇದನ್ನು ವಿಡಿಯೊ ಮಾಡಿ ಅಂತ ತುಂಬ ಜನ ಕೇಳಿದರು. ಮಾಡಲಿಲ್ಲ. ಫೋನ್ ಮುಂದೆ ಕುಳಿತರೆ ನನಗೆ ಕೈ ಆಡಿಸಿಕೊಂಡು, ಕಣ್ಣರಳಿಸಿ ಮಾತಾಡುವ ಚಾಳಿ. ಈ ವಿಷಯಕ್ಕೆ ಅದು ಒಗ್ಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ಹನಗೋಡಿನ ಹತ್ತಿರದ ಒಂದು ಹಳ್ಳಿಯ ಸೊಸೆ. ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಸೊಪ್ಪು ಬೇಯಿಸುವ ಬ್ಯಾರನ್ ಹಿತ್ತಲಲ್ಲೇ ಇದೆ. ಬ್ಯಾರನ್ ಎಂದರೆ ಎತ್ತರದ ಇಟ್ಟಿಗೆ ಕೋಣೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲಾಗಿ ನೇತುಹಾಕಿ, ಹೊರಗಿನ ಬಾಯಿಯಿಂದ ಸೌದೆ ಉರಿಸಿ, ದಿನಗಟ್ಟಲೆ ಶಾಖ ಕೊಡಬೇಕು. ಒಮ್ಮೆ ಬೆಂಕಿ ಹಾಕಿದರೆ ಸೊಪ್ಪು ಇಳಿಸುವ ತನಕ ಯಾರಾದರೊಬ್ಬರು ಕಾಯುತ್ತಲೇ ಇರಬೇಕು. ರಾತ್ರಿ ನಮ್ಮ ಮನೆಯವರು ಕಾಯುತ್ತಿದ್ದರು, ಹಗಲು ನಾನು.

ಹಗಲು ಬ್ಯಾರನ್ ಮುಂದೆ ಸುಮ್ಮನೆ ಕೂತು ಬೇಜಾರಾಗಿ ಶುರುವಾದದ್ದು ನನ್ನ ವಿಡಿಯೊ. ಮಹಾಭಾರತದಿಂದ ನಾಯಕತ್ವದ ಪಾಠ. ಆ ದೊಡ್ಡ ಹೆಸರು ಕೊಟ್ಟದ್ದು ನೋಡುವವರು, ನಾನಲ್ಲ. ನಾನು ಹೇಳುತ್ತಿದ್ದುದು ಇಷ್ಟೆ: ಆ ಮುದುಕ ರಾಜನಿಗೆ ಕಣ್ಣಿಲ್ಲದ್ದು ತಪ್ಪಲ್ಲ, ಮಗನ ವಿಷಯ ಬಂದಾಗ ಕಿವಿಯನ್ನೂ ಮುಚ್ಚಿಕೊಂಡನಲ್ಲ, ಅದು ತಪ್ಪು, ಡೈರಿ ಅಧ್ಯಕ್ಷರೇ ಸ್ವಲ್ಪ ಕೇಳಿಸಿಕೊಳ್ಳಿ. ಕೃಷ್ಣ ಕತ್ತಿ ಹಿಡಿಯಲಿಲ್ಲ, ಕುದುರೆ ಹಿಡಿದ, ಮೇಸ್ತ್ರಿಗಳೇ ನೀವೂ ಯೋಚನೆ ಮಾಡಿ. ಹೀಗೆ. ಜನ ನಗುತ್ತಿದ್ದರು, ಹಂಚಿಕೊಳ್ಳುತ್ತಿದ್ದರು. ಕೋಟೆ ತಾಲ್ಲೂಕಿನ ಕಡೆಯಿಂದೆಲ್ಲ ಫೋನ್ ಬರುತ್ತಿತ್ತು.

ನಾನು ಪುಸ್ತಕ ಓದಿ ಕಲಿತವಳಲ್ಲ. ನಮ್ಮೂರಲ್ಲಿ ನಾಟಕ ಕಲಿಯುತ್ತಿದ್ದುದು ನಮ್ಮ ಮನೆ ಮುಂದಿನ ಅಂಗಳದಲ್ಲಿ. ಹಾರ್ಮೋನಿಯಂ ಬಾರಿಸುವ ಮೇಷ್ಟ್ರಿಗೆ ಕಾಫಿ ಕೊಡುತ್ತಾ ಕೊಡುತ್ತಾ ಅಷ್ಟೂ ಮಾತು ನನಗೆ ಬಾಯಿಪಾಠವಾಗಿತ್ತು. ಭೀಷ್ಮನ ಪಾತ್ರ ಯಾವಾಗಲೂ ನಮ್ಮ ಮಾವನದು. ಮಾವ ಎಂದರೆ ನಮ್ಮ ಮನೆಯವರ ದೊಡ್ಡಪ್ಪ, ಊರ ಯಜಮಾನರು. ಎಂಬತ್ತರ ಹತ್ತಿರದ ವಯಸ್ಸು, ನೇರ ಬೆನ್ನು. ವೇಷ ಕಳಚಿದ ಮೇಲೂ ಅವರು ಭೀಷ್ಮನೇ. ಆಡಿದ ಮಾತು ವಾಪಸ್ ತೆಗೆದುಕೊಂಡದ್ದನ್ನು ಯಾರೂ ನೋಡಿಲ್ಲ. ಕೃಷ್ಣನ ಪಾತ್ರ ಪಕ್ಕದ ಮನೆಯವರದು, ನಮ್ಮ ಮನೆಯವರ ಸ್ನೇಹಿತ. ಈಗ ಮುಂದಿನ ಹಲ್ಲಿಲ್ಲ, ಬಾಯಿ ಮಾತ್ರ ಇದೆ.

ಒಂದು ವರ್ಷ ಪಿರಿಯಾಪಟ್ಟಣದಲ್ಲಿ ಹೆಣ್ಣುಮಕ್ಕಳ ಸಂಘಗಳ ಸಭೆಗೆ ನನ್ನನ್ನು ಮಾತಾಡಲು ಕರೆದರು. ನಾನು ಮೈಕ್ ಹಿಡಿದು, ಸೇನಾಪತಿಯಾದವನು ಹೂಂ ಅನ್ನಬೇಕು ಇಲ್ಲ ಉಹೂಂ ಅನ್ನಬೇಕು, ಸೇನೆ ನಿಂತಿರುವಾಗ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೂತರೆ ಆಗಲ್ಲ ಎಂದೆ. ಚಪ್ಪಾಳೆ ಬಿತ್ತು. ನಮ್ಮ ಮನೆಯವರು ಬಾಗಿಲ ಹೊರಗೆ ಬೈಕಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾ ಕೇಳಿದ್ದರು. ದಾರಿಯಲ್ಲಿ ಅಂದರು, “ಚೆನ್ನಾಗ್ ಯೋಳ್ದೆ ಬುಡು. ಸಾರಿಗೆ ಉಪ್ಪಾಕಕ್ಕೂ ನನ್ನ ಕೇಳ್ತೀಯ.”

ಆ ವರ್ಷದ ಮಳೆಗಾಲದಲ್ಲೇ ನಮ್ಮ ಮನೆಯವರು ತೀರಿಕೊಂಡರು. ಬೆಳಿಗ್ಗೆ ಬ್ಯಾರನ್ ಕಡೆಯಿಂದ ಬಂದು, “ಸೊಪ್ಪು ಅಣ್ಣಾಗದೆ. ತಿಂಡಿ ತಿನ್ಕಂಡು ಬೆಂಕಿ ಏರುಸ್ತೀನಿ” ಎಂದು ಜಗುಲಿಯ ಮೇಲೆ ಕೂತರು. ನಾನು ತಟ್ಟೆ ತರುವಷ್ಟರಲ್ಲಿ ಕಂಬಕ್ಕೆ ಒರಗಿದ್ದರು. ಆಟೊದಲ್ಲಿ ಹುಣಸೂರಿಗೆ ಕರೆದುಕೊಂಡು ಹೋದರು. ಆಟೊದಲ್ಲೇ ವಾಪಸ್ ತಂದರು.

ನಾನು ಅಳಲಿಲ್ಲ. ಧೈರ್ಯ ಎಂದುಕೊಳ್ಳಬೇಡಿ. ಏನೂ ಇರಲಿಲ್ಲ ಒಳಗೆ. ಹಲ್ಲು ಕೀಳುವ ಮುಂಚೆ ಸೂಜಿ ಹಾಕುತ್ತಾರಲ್ಲ, ಕೆನ್ನೆ ಇದೆ ಎಂದು ಗೊತ್ತಿರುತ್ತದೆ, ಮುಟ್ಟಿದರೆ ಯಾರದೋ ಕೆನ್ನೆ. ಹಾಗೆ.

ಮಗಳು ಕೆ.ಆರ್. ನಗರದಿಂದ ಬರಬೇಕಿತ್ತು. ನನ್ನ ಅಣ್ಣಂದಿರು ಕೋಟೆ ಆಚೆ ಬೀಚನಹಳ್ಳಿ ಹತ್ತಿರದಿಂದ ಬಟ್ಟೆ ತರಬೇಕಿತ್ತು. ಹೆಂಡತಿಯ ತವರಿನವರು ತಂದ ಬಟ್ಟೆ ಹೊದಿಸದೆ ನಮ್ಮಲ್ಲಿ ಹೆಣ ಎತ್ತುವುದಿಲ್ಲ. ಹೆಣ ಎತ್ತುವವರೆಗೆ ಆ ಮನೆಯಲ್ಲಿ ಬೆಂಕಿ ಉರಿಯಬಾರದು. ಕಾಫಿ ಸಹ ಪಕ್ಕದ ಮನೆಯಿಂದ ಬರಬೇಕು. ಮಾವ ಬಂದವರೇ ಒಂದು ಮಾತು ಹೇಳಿದರು, “ಬೆಂಕಿ ಆರ್ಸಿ.” ನನ್ನ ಮೈದುನ ಗ್ಯಾಸ್ ಸಿಲಿಂಡರ್ ತಿರುಪಿ ಮುಚ್ಚಿದ, ನೀರೊಲೆಗೆ ನೀರು ಸುರಿದ. ಆಮೇಲೆ ಹಿತ್ತಲಿಗೆ ಹೋಗಿ ಬ್ಯಾರನ್ ಬಾಯಿಂದ ಉರಿಯುವ ಕೊರಡುಗಳನ್ನೂ ಎಳೆದು ಹೊರಗೆ ಹಾಕಿದ.

ಹಣ್ಣಾದ ಸೊಪ್ಪಿಗೆ, ಅಂದರೆ ಹಳದಿ ತಿರುಗಿದ ಸೊಪ್ಪಿಗೆ, ಅದೇ ಹೊತ್ತಿನಲ್ಲಿ ಶಾಖ ಏರಿಸಬೇಕು. ಏರಿಸದೆ ತಣ್ಣಗಾಗಲು ಬಿಟ್ಟರೆ ಬೆವರುತ್ತದೆ, ಕಪ್ಪಾಗುತ್ತದೆ, ಆಮೇಲೆ ತಿಪ್ಪೆಗೇ. ಒಳಗಿದ್ದುದು ಗಿಡದ ನಡುವಿನ ಸೊಪ್ಪು. ಇಡೀ ವರ್ಷದಲ್ಲಿ ಒಳ್ಳೆಯ ಎಲೆ ಎಂದರೆ ಅದೇ. ಮಳೆಯಲ್ಲಿ ಗೋಣಿ ಹೊದ್ದುಕೊಂಡು ಮುರಿದು ತಂದು, ಇಬ್ಬರೂ ಕೂತು ಕಡ್ಡಿಗೆ ಕಟ್ಟಿದ್ದೆವು. ಅವರ ಕೈಯ ಕೊನೆಯ ಕೆಲಸ ಆ ಕೋಣೆಯೊಳಗೆ ತಣ್ಣಗಾಗುತ್ತಿತ್ತು. ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿತ್ತು, ಅಷ್ಟೆ.

ಮೊದಲು ಬಾಯಿ ಬಿಟ್ಟವರು ಪಕ್ಕದ ಮನೆಯವರು.

“ಯಜಮಾನ್ರೆ, ಮನೆ ಒಲೆ ಆರ್ಸಿದ್ದು ಸರಿ. ಬ್ಯಾರನ್ನಲ್ಲೇನು ಮುದ್ದೆ ಬೇಯ್ತಿತ್ತಾ?”

“ಬೆಂಕಿ ಬೆಂಕೀನೆಯ,” ಎಂದರು ಮಾವ. “ನಮ್ಮ ತಾತನ ಕಾಲದಿಂದ ಯಾರೂ ಮುರ್ದಿಲ್ಲ. ನಾನೂ ಮುರ್ಯಕಿಲ್ಲ.”

“ನೀವು ಮುರ್ಯಕಿಲ್ಲ ಬುಡಿ. ಅಂಗಂದೇ ಅಲ್ವಾ ಬಾಣದ ಮೇಲೆ ಮನೀಕಂಡಿದ್ದು.”

ಯಾರೋ ನಕ್ಕು ಸುಮ್ಮನಾದರು. ಮಾವ ನಗಲಿಲ್ಲ.

“ಮಗ ಸತ್ತ ದಿನ ಅರ್ಜುನ ಬಿಲ್ಲು ಮಡಗ್ಬುಟ್ಟು ಮನೇಲಿ ಕುಂತ್ಕಂಡ್ನಾ? ಬೆಳಗಾದೇಟ್ಗೆ ರಣಕ್ಕೋದ,” ಎಂದರು ಪಕ್ಕದ ಮನೆಯವರು.

“ಅದು ರಣ ಕಣ್ಲಾ. ಇದು ಸಾವಿನ ಮನೆ. ರಣದಲ್ಲೂ ಹೊತ್ತು ಮುಳುಗುದ್ರೆ ನಿಲ್ಲುಸ್ತಿದ್ರು. ಯಾಕೆ? ಕಟ್ಟಳೆ.”

“ಆ ಕಟ್ಟಳೆನೂ ಒಂದಿನ ಮುರೀನಿಲ್ವಾ? ಪಂಜು ಇಟ್ಕಂಡು ರಾತ್ರೆಲ್ಲ ಬಡ್ದಾಡ್ನಿಲ್ವಾ?”

“ಮುರ್ದು ಏನಾಯ್ತು? ಅದ್ನೂ ನೀನೇ ಯೋಳು.”

ಅಷ್ಟು ಹೊತ್ತೂ ಹೆಣ ಅಂಗಳದಲ್ಲಿತ್ತು. ಮೂಗಿಗೆ ಹತ್ತಿ ಇಟ್ಟಿದ್ದರು. ಇಬ್ಬರೂ ಮಾತಾಡುತ್ತಿದ್ದುದು ಹಟಕ್ಕೆ ಬಿದ್ದಲ್ಲ, ಅದನ್ನೂ ಹೇಳಬೇಕು. ನಮ್ಮ ಊರಲ್ಲಿ ದೊಡ್ಡದೊಂದು ವಿಷಯ ತೀರ್ಮಾನ ಆಗಬೇಕಾದರೆ ಹೀಗೇ. ಜಮೀನಿನ ಬದು ಇರಲಿ, ಸೊಸೆ ವಾಪಸ್ ಹೋದದ್ದಿರಲಿ, ಯಾರಾದರೊಬ್ಬರು ಭಾರತ ತೆಗೆಯುತ್ತಾರೆ. ಇನ್ನೊಬ್ಬರು ಅದಕ್ಕೆ ಭಾರತದಿಂದಲೇ ಉತ್ತರ ಕೊಡಬೇಕು. ಗೆದ್ದವರು ಯಾರು ಎಂದು ಗೊತ್ತಾಗುವ ಹೊತ್ತಿಗೆ ಸಾಮಾನ್ಯವಾಗಿ ಕೆಲಸ ಕೆಟ್ಟಿರುತ್ತದೆ.

ಮೈದುನನನ್ನು ಕೇಳಿದರು. “ನಂಗೊತ್ತಿಲ್ಲ, ದೊಡ್ಡಪ್ಪ ಯೋಳ್ದಂಗೆ,” ಎಂದು ಅವನು ನೆಲ ನೋಡಿದ.

ಪಕ್ಕದ ಮನೆಯವರು ನನ್ನ ಕಡೆ ತಿರುಗಿದರು. “ಏನವ್ವ, ನೀನಾರ ಒಂದು ಮಾತು ಯೋಳು. ನಿನ್ನ ಸೊಪ್ಪು ಅದು.”

ಎಲ್ಲರೂ ನನ್ನ ಬಾಯಿ ನೋಡಿದರು. ನಾನು ಏನೂ ಯೋಚಿಸುತ್ತಿರಲಿಲ್ಲ. ನಮ್ಮ ಮನೆಯವರ ಕಾಲ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ ದಾರ ನೋಡುತ್ತಿದ್ದೆ. ಬಿಳಿ ದಾರ.

ಹಿಂದೆ ಕೂತಿದ್ದ ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ಕೇಳಿಸಿತು. “ಪೋನಲ್ಲಿ ಲೋಕಕ್ಕೆಲ್ಲ ಬುದ್ಧಿ ಯೋಳ್ತಳೆ. ಈಗ ನೋಡು, ಬಾಯ್ಗೆ ಬೀಗ.”

“ಸುಮ್ಕಿರಮ್ಮಿ, ಗಂಡ ಸತ್ತವ್ನೆ.”

“ನಾನೇನ್ ಸುಳ್ಳೇಳುದ್ನಾ?”

ಸುಳ್ಳು ಹೇಳಿರಲಿಲ್ಲ. ನನಗೆ ಚುಚ್ಚಲೂ ಇಲ್ಲ.

ಸ್ವಲ್ಪ ಹೊತ್ತಾದ ಮೇಲೆ ನಾನು ಎದ್ದೆ. ಬಚ್ಚಲಿಗೆ ಎಂದುಕೊಂಡು ಒಬ್ಬಳು ತೋಳು ಹಿಡಿದಳು, ಬಿಡಿಸಿಕೊಂಡೆ. ಹಿತ್ತಲಿಗೆ ಹೋದೆ. ದಿನಾ ತಿಂಡಿ ಮುಗಿದ ಮೇಲೆ ಬ್ಯಾರನ್ ನನ್ನ ಪಾಳಿ. ಕಾಲು ಆ ಕಡೆ ಹೋಯಿತು. ಕಿಟಕಿಯ ಗಾಜಿಗೆ ಮುಖ ಇಟ್ಟು ಥರ್ಮಾಮೀಟರ್ ನೋಡಿದೆ. ಇಳಿದಿತ್ತು. ಸೊಪ್ಪು ಹಳದಿಯಾಗಿತ್ತು. ಬೇರೆ ದಿನವಾಗಿದ್ದರೆ ಅರಿಶಿನ, ಚಿನ್ನ ಎಂದೇನಾದರೂ ಹೇಳುತ್ತಿದ್ದೆ. ಅವತ್ತು ಬರೀ ಹಳದಿ.

ಮೈದುನ ಎಳೆದು ಹಾಕಿದ್ದ ಕೊರಡುಗಳನ್ನು ಒಂದೊಂದಾಗಿ ಮತ್ತೆ ಒಳಕ್ಕೆ ನೂಕಿದೆ. ಬೂದಿ ಕೆದಕಿದರೆ ಅಡಿಯಲ್ಲಿ ಕೆಂಡ ಇತ್ತು. ಊದಿದೆ. ಹತ್ತಿಕೊಂಡಿತು. ಪಿರಿಯಾಪಟ್ಟಣದಲ್ಲಿ ಚಪ್ಪಾಳೆ ತಟ್ಟಿದವರು ನೋಡಿದ್ದರೆ, ಮೇಡಂ ನಿರ್ಧಾರ ತೆಗೆದುಕೊಂಡರು ಎನ್ನುತ್ತಿದ್ದರು. ನಾನು ಯಾವ ನಿರ್ಧಾರವನ್ನೂ ತೆಗೆದುಕೊಳ್ಳಲಿಲ್ಲ. ಬೆಂಕಿ ಕಮ್ಮಿ ಇತ್ತು, ಹಾಕಿದೆ.

ಹೊಗೆ ಕಂಡು ಮಾವ ಬಂದರು. ಹಿಂದೆ ಯಾರೂ ಬರಲಿಲ್ಲ, ಅವರೊಬ್ಬರೇ.

“ಏನವ್ವ ಇದು?”

“ಸೊಪ್ಪು ಅಣ್ಣಾಗದೆ ಮಾವ.”

ಅವರು ಬೈಯುತ್ತಾರೆ ಎಂದು ಕಾದೆ. ಅವರು ಕಿಟಕಿಯ ಹತ್ತಿರ ಹೋಗಿ, ಕಣ್ಣಿಗೆ ಎರಡೂ ಕೈ ಅಡ್ಡ ಹಿಡಿದು ಒಳಗೆ ನೋಡಿದರು. ತುಂಬ ಹೊತ್ತು ನೋಡಿದರು. ಅವರೂ ಸೊಪ್ಪು ಬೇಯಿಸಿ ಬದುಕಿದವರೇ.

“ಅವ್ನೇ ಕಟ್ಟಿದ್ದಾ?”

“ಇಬ್ರೂ ಕಟ್ಟಿದ್ದು.”

ಅವರು ಸೌದೆ ಒಟ್ಟಿದ ಕಡೆ ಹೋಗಿ ಒಂದು ಕೊರಡಿನ ಮೇಲೆ ಕುಳಿತರು. ಹೆಗಲ ಮೇಲಿನ ಟವಲ್ ತೆಗೆದು ಮೊಣಕಾಲ ಮೇಲೆ ಹಾಕಿಕೊಂಡರು.

“ಓಗು. ಅವ್ನತ್ರ ಕುಂತ್ಕೊ. ಎಲ್ಲೀಗಂಟ ಏರುಸ್ಬೇಕು ಯೋಳ್ಬುಟ್ಟು ಓಗು.”

“ವಸಿ ವಸಿಯಾಗಿ ಏರ್ಸಿ ಮಾವ. ಒಂದೇ ಸಲಕ್ಕೆ ಬೇಡ.”

“ನಂಗೇ ಯೋಳ್ಕೊಡ್ತಾವ್ಳೆ,” ಎಂದು ಬೆಂಕಿಗೆ ಹೇಳಿದರು.

ನಾನು ಹೋಗಿ ಹೆಣದ ಹತ್ತಿರ ಕೂತೆ. ಚಿಮಣಿಯ ಹೊಗೆ ಮನೆಯ ಮೇಲಿಂದ ಹೋಗುವುದು ಎಲ್ಲರಿಗೂ ಕಾಣುತ್ತಿತ್ತು. ಮಧ್ಯಾಹ್ನ ಮಗಳು ಬಂದಳು, ಬಿದ್ದು ಅತ್ತಳು. ಅಣ್ಣಂದಿರು ಬಟ್ಟೆ ತಂದರು. ಹೆಣ ಎತ್ತುವ ಹೊತ್ತಿಗೆ ಮಾವ ಕೈಕಾಲು ತೊಳೆದುಕೊಂಡು ಬಂದು ಮುಂದಿನ ಬಿದಿರಿಗೆ ಹೆಗಲು ಕೊಟ್ಟರು. ಬ್ಯಾರನ್ ಹತ್ತಿರ ಪಕ್ಕದ ಮನೆಯವರನ್ನು ಕೂರಿಸಿದ್ದರು. ಜೀವದ ಗೆಳೆಯನ ಮಣ್ಣಿಗೆ ಹೋಗದೆ ಅವರು ಅಲ್ಲಿ ಸೌದೆ ಹಾಕುತ್ತಾ ಉಳಿದರು.

ತಿಥಿಯ ದಿನ ಸುತ್ತಮುತ್ತಲ ಊರುಗಳ ಯಜಮಾನರೆಲ್ಲ ಬಂದರು. ತಿಥಿಗೆ ಬಂದವರು ಉಣ್ಣಲು ಕೂರುವ ಮುಂಚೆ, ಆ ಮನೆಯಲ್ಲಿ ಏನಾದರೂ ತಪ್ಪು ನಡೆದಿದ್ದರೆ ಕೇಳಿ ಮುಗಿಸುವುದು ನಮ್ಮ ಪದ್ಧತಿ. ಮುಗಿಯದಿದ್ದರೆ ಊಟದ ಎಲೆ ಮುಟ್ಟುವುದಿಲ್ಲ. ತಪ್ಪು ಮಾಡಿದವರು ಎಲೆ ಅಡಿಕೆ, ಕಾಯಿ ತಂದು, ಎಲ್ಲರ ಮುಂದೆ ಕೈಮುಗಿದು ತಪ್ಪಾಯಿತು ಎನ್ನಬೇಕು. ಅಡುಗೆ ಆಗಿತ್ತು, ಎಲೆ ಹಾಕಿರಲಿಲ್ಲ.

ಬೇರೆ ಊರಿನ ಒಬ್ಬರು ಶುರು ಮಾಡಿದರು. ಮಾವನಿಗಿಂತ ತುಂಬ ಚಿಕ್ಕವರು.

“ಹೆಣ ಅಂಗಳದಲ್ಲಿರುವಾಗ್ಲೇ ಈ ಮನೇಲಿ ಬೆಂಕಿ ಉರೀತಂತೆ. ಆಕಿದ್ದು ಯಾರು?”

ಅವರ ಕಣ್ಣು ನನ್ನ ಮೇಲಿತ್ತು. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗಂಡ ಸತ್ತ ಹೊತ್ತಲ್ಲಿ ಸೊಪ್ಪಿನ ಚಿಂತೆ ಮಾಡಿದವಳು ಎಂಬ ಮಾತು ಆಗಲೇ ಹನಗೋಡಿನವರೆಗೂ ಹೋಗಿತ್ತು. ಅವತ್ತು ನಾನು ಕಾಯಿ ಹಿಡಿದು ನಿಂತಿದ್ದರೆ ಆ ಮಾತು ಸಾಯುವವರೆಗೂ ನನ್ನ ಹೆಸರಿಗೆ ಅಂಟಿಕೊಳ್ಳುತ್ತಿತ್ತು. ನನಗೆ ಭಯವೇನೂ ಇರಲಿಲ್ಲ. ನಾನೇ ಎನ್ನಲು ಏಳುತ್ತಿದ್ದೆ, ನಿಧಾನವಾಗಿ, ಕಾಲು ಜೋಮು ಹಿಡಿದಿತ್ತು.

“ನಾನು,” ಎಂದರು ಮಾವ.

“ನೀವಾ ಯಜಮಾನ್ರೆ?”

“ನಾನೇ ಕಣಪ್ಪ. ಆರ್ಸಿ ಅಂದೋನೂ ನಾನೇ, ಆಕ್ದೋನೂ ನಾನೇ. ಕಾಯಿ ತರ್ತೀನಿ, ಕುಂತ್ಕೊ.”

ಮೈದುನ ತಲೆ ಎತ್ತಿ ನೋಡಿದ. ಮಾವ ಹೆಗಲ ಟವಲ್ ತೆಗೆದು ಸೊಂಟಕ್ಕೆ ಬಿಗಿದುಕೊಂಡರು. ತಟ್ಟೆಯಲ್ಲಿ ಎಲೆ ಅಡಿಕೆ, ಕಾಯಿ ಇಟ್ಟು, ತಮ್ಮ ಮಕ್ಕಳ ವಯಸ್ಸಿನವರ ಮುಂದೆ ಆ ನೇರ ಬೆನ್ನು ಬಗ್ಗಿಸಿ, “ತಪ್ಪಾಯ್ತು,” ಎಂದರು. ಕೂತಿದ್ದವರು ಗಡಿಬಿಡಿಯಲ್ಲಿ ಎದ್ದುಬಿಟ್ಟರು. ಆಮೇಲೆ ಎಲೆ ಹಾಕಿದರು.

ಇದನ್ನು ಬರೆಯಲೇ ಎಂದು ಮೊನ್ನೆ ಅವರನ್ನೇ ಕೇಳಿದೆ. “ಬರ್ಕೊ. ಈಗ್ಯಾರು ಬಂದು ಕಾಯಿ ಕೇಳ್ತರೆ,” ಎಂದರು. ಅದರಿಂದ ಪಾಠ ಏನು ಎಂದು ನೋಡುಗರು ಕೇಳುವ ಹಾಗೆ ನಾನು ಅವರನ್ನು ಕೇಳಲಿಲ್ಲ. ಕೇಳಿದ್ದರೆ ಬೈಸಿಕೊಳ್ಳುತ್ತಿದ್ದೆ.

ತಿಥಿಯ ದಿನ ಎಲ್ಲರೂ ಉಣ್ಣುತ್ತಿದ್ದಾಗ ಮಾವ ನಾನು ಕೂತಿದ್ದ ಮೂಲೆಗೆ ಬಂದರು. ಗೋಡೆ ಹಿಡಿದು ಪಕ್ಕದಲ್ಲೇ ಕೂತರು.

“ಸೊಪ್ಪು ಇಳ್ಸಿದ್ರಾ?”

“ಇಳ್ಸಿದ್ರು ಮಾವ.”

“ಎಂಗದೆ?”

“ಚೆನ್ನಾಗೇ ಬಂದದೆ. ಕೆಳಗಿನ ಸಾಲು ಮಾತ್ರ ಕಪ್ಪಾಗೋಗದೆ.”

“ನಾನು ಕಾಯ್ವಾಗ ಆಗಿದ್ದಾ?”

“ಇಲ್ಲ. ಅದಕ್ಕೂ ಮುಂಚೆ, ಬೆಂಕಿ ಆರಿದ್ದಾಗ.”

ಅವರು ಸೊಂಟದ ಟವಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡರು.

“ಅಂಗಾದ್ರೆ ಅದೂ ನಂದೇ,” ಎಂದು ನನ್ನ ಭುಜದ ಮೇಲೆ ಕೈಯೂರಿ ಎದ್ದು, ಕೊನೆಯ ಪಂಕ್ತಿಗೆ ಉಣ್ಣಲು ಹೋದರು. ಊರಿದ ಕೈ ಭಾರವಾಗಿತ್ತು. ಅಷ್ಟು ದಿನಗಳಲ್ಲಿ ನನ್ನ ಮೈಗೆ ಗೊತ್ತಾದದ್ದು ಅದೊಂದೇ.