ಅವರ ತಲೆಯ ಮೇಲಿದ್ದ ಸಾಲು

ರಿಪೋರ್ಟ್ ಹಾಳೆಯಲ್ಲಿ ೨೧೭ರ ಎದುರಿನ ಚೌಕ ಖಾಲಿಯಿತ್ತು. ಖಾಲಿ ಬಿಟ್ಟವಳು ನಾನೇ.

೨೦೨೩ರಲ್ಲಿ ನಾನು ಸ್ಯಾನ್ ಡಿಯಾಗೋದ ಒಂದು ಒಪೆರಾ ಕಂಪನಿಯಲ್ಲಿ ಸೂಪರ್‌ಟೈಟಲ್ ಆಪರೇಟರ್ ಆಗಿದ್ದೆ. ಗಾಯಕರು ಇಟಾಲಿಯನ್‌ನಲ್ಲಿ ಹಾಡುವಾಗ ಅದರ ಇಂಗ್ಲಿಷ್ ಅರ್ಥ ವೇದಿಕೆಯ ಮೇಲಿನ ಪರದೆಯಲ್ಲಿ ಮೂಡುತ್ತದೆ. ಸಭಾಂಗಣದ ಹಿಂದಿನ ಬೂತ್‌ನಲ್ಲಿ ಕೂತು, ಸ್ಕೋರ್, ಎಂದರೆ ಹಾಡಿನ ಸ್ವರಲಿಪಿ, ನೋಡುತ್ತ, ಒಂದೊಂದು ಸಾಲಿಗೂ ಗುಂಡಿ ಒತ್ತುವುದು ನನ್ನ ಕೆಲಸ. ಯಾರಾದರೂ ಪದ ತಪ್ಪಿದರೆ ಆ ಸಾಲಿನ ಸಂಖ್ಯೆಯೆದುರು ಬರೆದು ಸಂಗೀತ ವಿಭಾಗಕ್ಕೆ ಕೊಡಬೇಕು.

ಆ ವರ್ಷದ ಮುಖ್ಯ ಸೊಪ್ರಾನೊ, ಎಂದರೆ ಅತಿ ಎತ್ತರದ ಶ್ರುತಿಯಲ್ಲಿ ಹಾಡುವ ಗಾಯಕಿ, ವಸುಧಾ. ಹನ್ನೆರಡನೇ ವಯಸ್ಸಿನಲ್ಲಿ ಧಾರವಾಡದಿಂದ ಲಾಸ್ ಏಂಜಲೀಸ್‌ಗೆ ಬಂದವರು. ಮೂವತ್ತು ವರ್ಷ ದೊಡ್ಡ ವೇದಿಕೆಗಳಲ್ಲಿ ಹೆಸರು ಮಾಡಿ, ಅರವತ್ತೊಂದರಲ್ಲಿ ಈ ಐದು ಪ್ರದರ್ಶನಗಳೊಂದಿಗೆ ನಿವೃತ್ತರಾಗುವವರಿದ್ದರು. ಅವರ ಕನ್ನಡ ಮಾತ್ರ ಆ ಹನ್ನೆರಡರಲ್ಲೇ ನಿಂತಿತ್ತು.

"ನಾ ಇಟಾಲಿಯನ್‌ದಾಗ ಅತ್ತರ ಮಂದಿ ನಿನ್ನ ಇಂಗ್ಲಿಷ್ ಓದಿ ಅಳ್ತಾರ. ಚಪ್ಪಾಳಿ ಯಾರಿಗವಾ?" ಎಂದು ಮೊದಲ ದಿನವೇ ಕೆಣಕಿದ್ದರು.

"ನಿಮಗೇ ಆಂಟಿ. ನಾನು ಕತ್ತಲಲ್ಲಿ ಕೂತಿರ್ತೀನಿ."

ಕೊನೆಯ ರಿಹರ್ಸಲ್‌ನಲ್ಲಿ, ಮೂರನೇ ಅಂಕದ ಹಾಡಿನ ಎರಡನೇ ಚರಣಕ್ಕೆ, ೨೧೭ನೇ ಸಾಲಿನಿಂದ, ಅವರು ಮೊದಲ ಚರಣದ ಮಾತುಗಳನ್ನೇ ಹಾಡಿದರು. ಸ್ವರ ಒಂದಿಷ್ಟೂ ಜಾರಲಿಲ್ಲ. ನನ್ನ ಬೆರಳು ಹಿಂದಿನ ಸಾಲುಗಳನ್ನೇ ಮತ್ತೆ ತಂದಿತು. ಪರದೆಯೂ ಹಾಡೂ ಹೊಂದಿಕೊಂಡವು. ಯಾರೂ ಗಮನಿಸಿದಂತೆ ಕಾಣಲಿಲ್ಲ. ಹಾಳೆಯಲ್ಲಿ ಬರೆಯಲು ನನಗೆ ಕೈ ಬರಲಿಲ್ಲ. ಅಜ್ಜಿ ಒಂದೇ ಕಥೆಯನ್ನು ಎರಡು ಸಲ ಹೇಳಿದರೆ ಎರಡನೆಯ ಸಲವೂ ಹೊಸದೆಂಬಂತೆ ಕೇಳಬೇಕು ಎಂದು ಕಲಿತು ಬೆಳೆದವಳು ನಾನು.

ಭಾನುವಾರ ಮಧ್ಯಾಹ್ನ ಮೊದಲ ಪ್ರದರ್ಶನ. ಅದೇ ಜಾಗದಲ್ಲಿ ಅವರು ಮಾತು ಮರೆತು ನಿಂತುಬಿಟ್ಟರು. ನಾನು ೨೧೭ ಒತ್ತಿ ಆಗಿತ್ತು. ಸಾಲು ಅವರ ತಲೆಯ ಮೇಲೆ ಬೆಳಗುತ್ತಿತ್ತು. ಇಡೀ ಸಭಾಂಗಣ ಅದನ್ನು ಓದುತ್ತಿತ್ತು, ಅವರೊಬ್ಬರಿಗೆ ಕಾಣುತ್ತಿರಲಿಲ್ಲ. ವಾದ್ಯಗಳು ಕಾಯದೆ ಮುಂದೆ ಹೋದವು. ಚರಣ ಮುಗಿಯುವ ಹೊತ್ತಿಗೆ ಅವರಿಗೆ ದಾರಿ ಸಿಕ್ಕಿತು.

ಪ್ರದರ್ಶನದ ನಂತರ ಅವರ ಕೋಣೆಗೆ ಹೋಗಿ, ರಿಹರ್ಸಲ್‌ನಲ್ಲಿ ಆದದ್ದನ್ನು ಹೇಳಿದೆ. ಮೇಕಪ್ ಒರೆಸುತ್ತಿದ್ದ ಕೈ ನಿಂತಿತು.

"ಅವತ್ತೂ ತಪ್ಪಿದ್ನಾ?"

"ಹೂಂ ಆಂಟಿ. ನಿಮಗೆ ಗೊತ್ತಿದೆ ಅಂದ್ಕೊಂಡೆ."

"ಗೊತ್ತಿದ್ರ, ಸಾಲು ಹೇಳಿಕೊಡಾಕ ಮುಂದ ಒಬ್ಬರನ್ನ ಕೂಡಸ್ರಿ ಅಂತ ನಾನ ಕೇಳ್ತಿದ್ನಲ್ಲವಾ." ದನಿ ಏರಲಿಲ್ಲ. "ನನ್ನ ಮರ್ಯಾದಿ ಉಳಿಸೇನಿ ಅಂದ್ಕೊಂಡಿ. ಇನ್ನ ನಾಕು ಶೋ ಅದಾವ, ತಂಗಿ. ಪೂರಾ ಹಾಡಿ ಹೋಗಬೇಕು ನಾ."

ಕಂಡದ್ದನ್ನು ತಿಳಿಸುವುದು ಆ ಬೂತ್ ನನಗೆ ಕೊಟ್ಟ ಕೆಲಸ. ಕಂಡೂ ಕಾಣದಂತಿರುವುದನ್ನು ನಾನು ಮನೆಯಿಂದ ತಂದಿದ್ದೆ.

ಮರುದಿನ ಪ್ರದರ್ಶನವಿರಲಿಲ್ಲ. ಬೆಳಿಗ್ಗೆ ಎರಡು ಗಂಟೆ ದೂರದ ಟೊರೆನ್ಸ್‌ನ ನನ್ನ ಮನೆಯಿಂದ ಮತ್ತೆ ಸ್ಯಾನ್ ಡಿಯಾಗೋಗೆ ಡ್ರೈವ್ ಮಾಡಿದೆ. ೨೧೭ರ ಚೌಕದಲ್ಲಿ ಎರಡೂ ದಿನದ ತಪ್ಪನ್ನು ಬರೆದೆ, ಕೆಳಗೆ ನನ್ನದನ್ನೂ. ಹಾಳೆಯನ್ನು ಸಂಗೀತ ವಿಭಾಗಕ್ಕೆ ಕೊಟ್ಟು, ಖಾಲಿ ವೇದಿಕೆಯ ಮುಂದೆ ವಾದ್ಯಗಾರರು ಕೂರುವ ತಗ್ಗಿನಲ್ಲಿ, ಸಾಲು ಹೇಳಿಕೊಡುವವರಿಗೆಂದು ಒಂದು ಕುರ್ಚಿ ಹಾಕಿ ಕೂತು ನೋಡಿದೆ. ಅವರು ನಿಲ್ಲುವ ಜಾಗ ಅಲ್ಲಿಂದ ಸರಿಯಾಗಿ ಕಾಣುತ್ತಿತ್ತು.