ರೇಡಿಯಂ ಬಳಿದ ಯುದ್ಧದ ಗಡಿಯಾರಗಳು

೧೯೪೭ರಲ್ಲಿ ನಾನು ಓದು ಬಿಟ್ಟೆ. ಫೇಲಾಗಿ ಬಿಟ್ಟದ್ದಲ್ಲ, ಕೈ ಕೆಲಸ ಕೇಳುತ್ತಿತ್ತು. ಊರಿನ ದೊಡ್ಡ ಗಡಿಯಾರದ ಗೋಪುರದ ಹಿಂದಿನ ಓಣಿಯಲ್ಲಿ ವಾಚ್ ರಿಪೇರಿ ಕಲಿತು, ಆರೇ ವರ್ಷದಲ್ಲಿ ಅಲ್ಲೇ ಸ್ವಂತ ಅಂಗಡಿ ಇಟ್ಟೆ.

ಮೊದಲ ಮಹಾಯುದ್ಧಕ್ಕೆ ಹೋಗಿಬಂದ ಸಿಪಾಯಿಗಳ ಮನೆಗಳಿಂದ ಹಳೆಯ ಕೈಗಡಿಯಾರಗಳು ಬರುತ್ತಿದ್ದವು. ಜೇಬಿನ ಗಡಿಯಾರಕ್ಕೆ ತಂತಿಯ ಕಿವಿ ಬೆಸೆದು ಪಟ್ಟಿ ಕಟ್ಟಿದಂಥವು. ಕೆಲವಕ್ಕೆ ಗಾಜಿನ ಮೇಲೆ ಗುಂಡಿನ ಚೂರು ತಡೆಯುವ ಜಾಲರಿ. ಮಾರಲು ಬಂದವರಿಂದ ಕೊಂಡು ಕೂಡಿಡತೊಡಗಿದೆ. ಕತ್ತಲಲ್ಲಿ ಬೆಳಗಬೇಕಾದ ಅಂಕಿಗಳು ಮಾತ್ರ ಎಲ್ಲದರಲ್ಲೂ ಸತ್ತು ಕಂದಾಗಿದ್ದವು. ಮಿಲಿಟರಿ ಸಾಮಾನಿನ ಹರಾಜಿನಲ್ಲಿ ಒಂದು ಸೀಸೆ ರೇಡಿಯಂ ಬಣ್ಣ ಸಿಕ್ಕಿದ ದಿನ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಬಳಿಯಲು ನನ್ನ ಕೈ ದಪ್ಪ. ಹೆಂಡತಿಯದು ಎಳೆ ರಂಗೋಲಿ ಬಿಟ್ಟು ಪಳಗಿದ ಕೈ. ಸೂಜಿಗೆ ಪೋಣಿಸುವ ದಾರವನ್ನು ಮಾಡುವಂತೆ, ಕುಂಚದ ತುದಿಯನ್ನು ಮತ್ತೆ ಮತ್ತೆ ತುಟಿಯಲ್ಲಿಟ್ಟು ಚೂಪು ಮಾಡುತ್ತಿದ್ದಳು. ಹಾಗೆ ಮಾಡು ಎಂದು ಹೇಳಿಕೊಟ್ಟವನು ನಾನೇ. ಒಂದು ಮಧ್ಯಾಹ್ನ ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಅವಳ ತುಟಿ ಹಸಿರಾಗಿ ಹೊಳೆಯಿತು.

“ಒಳ್ಳೆ ಮಿಂಚುಹುಳ ಆಗ್ಬುಟ್ಟೆ ಕಣೇ” ಎಂದೆ.

ಅವಳು ನಕ್ಕಳು. ಹಲ್ಲುಗಳೂ ಹೊಳೆದವು.

ಆಗ ಅಂಗಡಿಗೆ ಕಾಲೇಜಿನ ವಿಜ್ಞಾನದ ಮೇಷ್ಟ್ರೊಬ್ಬರು ಬರುತ್ತಿದ್ದರು. ಅಂಕಿಗಳನ್ನು ಮೆಚ್ಚಿ, ಬಳಿದವರು ಯಾರೆಂದು ಕೇಳಿದರು. ನಾನು ಹೆಮ್ಮೆಯಿಂದ ಎಲ್ಲವನ್ನೂ ಹೇಳಿದೆ, ತುಟಿಯ ವಿಚಾರವನ್ನೂ.

ಅವರ ಮುಖ ಬಿಳುಚಿತು. “ಬಾಯಿಗಿಡ್ತಾರಾ? ಅದು ವಿಷ ಕಣ್ರೀ! ಮೂಳೇನೇ ತಿಂದುಬಿಡುತ್ತೆ. ಇವತ್ತೇ ನಿಲ್ಸಿ.”

ಬೆಂಚಿನ ಮೇಲೆ ಇನ್ನಿಬ್ಬರು ಗಿರಾಕಿಗಳಿದ್ದರು. “ನೀವು ಓದಿರೋರು ಸ್ವಾಮಿ, ನಿಮಗೆ ಎಲ್ಲಾ ಭಯವೇ” ಎಂದೆ. “ನಾವು ಕೈಯಲ್ಲಿ ಮಾಡಿ ತಿಳ್ಕೊಂಡೋರು.” ಅವರಿಬ್ಬರೂ ನಕ್ಕರು. ಮೇಷ್ಟ್ರು ಮತ್ತೆ ಬರಲಿಲ್ಲ.

“ಮೇಷ್ಟ್ರು ಏನಂದ್ರುರೀ, ನನ್ ಕೆಲ್ಸ ನೋಡಿ?” ಅವರು ಬಂದಿದ್ದರೆಂದು ಹೇಳಿದಾಗ ಹೆಂಡತಿ ಮನೆಯಲ್ಲಿ ಕೇಳಿದಳು.

“ಚೆನ್ನಾಗದೆ ಅಂದ್ರು.”

ಆಮೇಲೂ ಎರಡು ವರ್ಷ ಬಳಿದಳು, ಸೀಸೆ ಬರಿದಾಗುವವರೆಗೆ.

ಕೆಲವು ವರ್ಷ ಏನೂ ಆಗಲಿಲ್ಲ. ಮೇಷ್ಟ್ರೇ ಸೋತರು ಅಂದುಕೊಂಡೆ. ಆಮೇಲೊಂದು ದಿನ ಕೋಡುಬಳೆ ಕಚ್ಚಿದಾಗ ಅವಳ ಹಲ್ಲು ನೋವೇ ಇಲ್ಲದೆ ಕೈಗೆ ಬಂತು. ಆ ಗುಳಿ ಮಾಯಲಿಲ್ಲ. ಪಕ್ಕದ್ದೂ ಬಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ದವಡೆಯ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಏನಮ್ಮ ಕೆಲಸ ಮಾಡ್ತೀರಿ?”

“ಮನೆಗೆಲಸ ಅಷ್ಟೇ ಸ್ವಾಮಿ.”

ನಾನು ಗೋಡೆ ನೋಡುತ್ತಾ ನಿಂತೆ. ಮೂರನೆಯ ಸಲ ಹೋದಾಗ, ಅವಳ ಎದುರಿನಲ್ಲೇ, ಸೀಸೆಯ ವಿಚಾರ ಹೇಳಿದೆ; ಮೇಷ್ಟ್ರು ಹೇಳಿದ್ದನ್ನೂ ಹೇಳಿದೆ. ಅವಳು ಕೆನ್ನೆಗೆ ಸೆರಗು ಒತ್ತಿಕೊಂಡು ನನ್ನ ಕಡೆ ತಿರುಗಿದಳು.

“ಚೆನ್ನಾಗದೆ ಅಂದ್ರು ಅಂತ ಅಂದ್ರಲ್ಲ ನೀವು?”



ಈಗ ನನ್ನ ಬಳಿ ಇಪ್ಪತ್ತಮೂರು ಗಡಿಯಾರಗಳಿವೆ. ಅವುಗಳಲ್ಲಿ ಹದಿನಾಲ್ಕು ಅವಳು ಬಳಿದವು. ಅವಳ ಕೆಳದವಡೆಯಲ್ಲಿ ಮೂರು ಹಲ್ಲುಗಳು ಉಳಿದಿವೆ.